ಮೂರನೆಯ ಕೊಕ್ಕೆಯ ಏಪ್ರನ್

ಟೀಚರ್ ಕೆಲಸಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹೊಸಬಳ ಕೂದಲು ನಿನ್ನೆ ಹೊಂಬಣ್ಣದ್ದಾಗಿತ್ತು. ಇಂದು ಕಂದು. ಭುಜದ ಮಟ್ಟಕ್ಕೆ ಕತ್ತರಿಸಿದ್ದಳು, ಹಣೆಯ ಮೇಲೆ ನೇರ ಅಂಚು. ಥೇಟ್ ಕೇಟ್‌ಳ ಕೂದಲು.

ಕೇಟ್ ಮಕ್ಕಳಿಗೆ ಮಳೆ ಬಿಸಿಲಿನ ಹಾಡು ಶುರುಮಾಡಿದಳು. ಕಿಟಕಿಯ ಗಾಜಿನಲ್ಲಿ ಹೊಸಬಳ ಪ್ರತಿಬಿಂಬ ಕಾಣುತ್ತಿತ್ತು. ಅವಳ ತುಟಿಗಳು ಕೇಟ್ ಹೇಳಿದ್ದನ್ನೆಲ್ಲ ಸದ್ದಿಲ್ಲದೆ ಹೇಳಿಕೊಳ್ಳುತ್ತಿದ್ದವು. ಕೇಟ್ ತಲೆ ವಾಲಿಸಿದರೆ ಅವಳೂ ವಾಲಿಸುತ್ತಿದ್ದಳು.

ಬಿಡುವಿನಲ್ಲಿ ಕೇಟ್ ನೇರ ಮುಖ್ಯಸ್ಥೆಯ ಕೋಣೆಗೆ ಹೋದಳು.

"ನನ್ನ ಕೂದಲನ್ನೂ ಬಿಡಲ್ವಾ ಮೇಡಂ?"

ಕೊರಿಯಾದ ಚಾಂಗ್‌ವೊನ್‌ನ ಆ ಇಂಗ್ಲಿಷ್ ಶಿಶುವಿಹಾರವನ್ನು ಕಟ್ಟಿ ಬೆಳೆಸಿದ ಪ್ಯೋ ಮೇಡಂ ಬಾರ್ಲಿ ಚಹಾದ ಲೋಟ ಕೆಳಗಿಟ್ಟರು. "ಕೂತ್ಕೊಳ್ಳಿ. ಅಮ್ಮಂದಿರಿಗೆ ಬದಲಾವಣೆ ಅಂದ್ರೆ ಭಯ. ಟೀಚರ್ ಬಿಟ್ಟು ಹೋದ್ರಂತೆ ಅಂತ ಒಬ್ಬಳಿಗೆ ಗೊತ್ತಾಗಲಿ, ಸಂಜೆಯೊಳಗೆ ಎಲ್ಲರ ಫೋನಲ್ಲೂ ಅದೇ. ಸೋಮವಾರ ಅರ್ಧ ಕ್ಲಾಸು ಎದುರಿನ ಬಿಲ್ಡಿಂಗಿನ ಶಿಶುವಿಹಾರದಲ್ಲಿ ಹಾಡ್ತಿರುತ್ತೆ."

"ಅದಕ್ಕೆ ನಾನು ಕಳ್ಳಿ ಹಾಗೆ ಹೋಗಬೇಕು."

"ಯಾರೋ ಹೋದ್ರು ಅಂತ ಯಾರಿಗೂ ಅನ್ನಿಸಬಾರದು. ಅಷ್ಟೇ."

"ಅಮ್ಮಂದಿರಿಗೆ ಹೇಳಲ್ಲ. ದಾಸೋಮ್ ಒಬ್ಬಳಿಗೆ ಹೇಳ್ತೀನಿ."

"ಬೇಡ."

"ಅವಳು ಮತ್ತೆ ಮಾತು ನಿಲ್ಲಿಸಿಬಿಟ್ರೆ?"

ಪ್ಯೋ ಮೇಡಂ ಮೊದಲ ಸಲ ನಕ್ಕರು. "ಆ ಮಗು ಕೇಟ್ ಟೀಚರ್ ಹತ್ರ ಮಾತ್ರ ಬಾಯಿ ಬಿಡೋದು ಅಂತ ನನಗೂ ಗೊತ್ತು. ಅದರ ಚಿಂತೆ ನಿಮಗೆ ಬೇಡ."

ಆ ನಗು ಕೇಟ್‌ಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಅವಳು ಕೆನಡಾದ ಒಂದು ಮೀನುಗಾರರ ಊರಿನವಳು. ಅಲ್ಲಿ ಬಿಟ್ಟು ಬಂದದ್ದು ಅರ್ಧಕ್ಕೆ ನಿಂತ ಓದು, ಮುರಿದುಬಿದ್ದ ಮದುವೆ. ಇಲ್ಲಿ ಗಳಿಸಿದ್ದೂ ಹೆಚ್ಚೇನಿಲ್ಲ. ಕಲಿಸಿದ ಹಾಡುಗಳನ್ನು ಮಕ್ಕಳು ಹಳದಿ ವ್ಯಾನು ಹತ್ತುವಷ್ಟರಲ್ಲಿ ಮರೆಯುತ್ತಿದ್ದರು. ಇನ್ನೊಂದು ವರ್ಷ ಇರುತ್ತೇನೆ ಎಂದು ಕೇಳಿಕೊಂಡಾಗ ಪ್ಯೋ ಮೇಡಂ, "ಎರಡನೇ ವರ್ಷ ಎಲ್ಲರೂ ಸೊರಗ್ತಾರೆ" ಎಂದಷ್ಟೇ ಹೇಳಿ ಮಾತು ಮುಗಿಸಿದ್ದರು. ಊರಿಗೆ ಹೋದ ಮೇಲೆ ಅಲ್ಲಿ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ ಕೊಡಬಹುದಾದ ಉತ್ತರ ಒಂದೇ: ದಾಸೋಮ್.

ಮೊದಲ ದಿನದ ನೆನಪು ಇನ್ನೂ ಹಸಿಯಾಗಿತ್ತು. ನಾಲ್ಕನೇ ಮಹಡಿಯ ಬಾಗಿಲಲ್ಲಿ, ಕೆಳಗಿನ ಕೋಳಿ ಅಂಗಡಿಯ ಎಣ್ಣೆ ವಾಸನೆಯ ನಡುವೆ, ಚೀಲ ಹಿಡಿದು ಎತ್ತ ಹೋಗುವುದೆಂದು ತಿಳಿಯದೆ ನಿಂತಿದ್ದಳು. ಸಣ್ಣದೊಂದು ತಣ್ಣನೆಯ ಕೈ ಬಂದು ಅವಳ ಬೆರಳು ಹಿಡಿಯಿತು. ಒಳಗೆ ಹಾಕಿಕೊಳ್ಳುವ ಚಪ್ಪಲಿಯ ಬಳಿ ಕರೆದುಕೊಂಡು ಹೋಯಿತು. ಆಮೇಲೆ ಗೋಡೆಯ ಮೂರನೆಯ ಕೊಕ್ಕೆಯ ಹತ್ತಿರ. ಅಲ್ಲಿ ಎದೆಯ ಮೇಲೆ ಕೇಟ್ ಎಂದು ಕಸೂತಿ ಹಾಕಿದ, ಒಗೆದು ಮೆತ್ತಗಾದ ಏಪ್ರನ್ ಅವಳಿಗಾಗಿ ಕಾಯುತ್ತಿತ್ತು.

"ಇದು ನಿಮ್ದು," ಎಂದು ಮಗು ಪಿಸುಗುಟ್ಟಿತು.

ಸಹಾಯಕಿ ಮಿಸ್ ತಾಕ್ ಸಂಜೆ ಹೇಳಿದ್ದಳು: "ನಮ್ಮಲ್ಲಿ ಎಲ್ಲರಿಗಿಂತ ಹಳೇ ಮಗು ಅದು. ನನ್ನ ಹತ್ರ ಇವತ್ತಿನವರೆಗೂ ಒಂದು ಮಾತಾಡಿಲ್ಲ. ಉಚ್ಚೆಗೂ ಕೈಸನ್ನೆನೇ, ಮಹಾರಾಣಿ!"

ಕೇಟ್ ಅಂದು ಬಚ್ಚಲುಮನೆಯಲ್ಲಿ ನಿಂತು ಅತ್ತಿದ್ದಳು. ಯಾರಿಗೂ ಬಾಯಿ ಬಿಡದ ಮಗು, ಬಂದು ಗಳಿಗೆಯೂ ಆಗದ ತನ್ನನ್ನು ಆರಿಸಿಕೊಂಡಿತ್ತು. ಯಾಕೆ ಎಂದು ಅವಳು ಕೇಳಲು ಹೋಗಲಿಲ್ಲ. ಬಾಳಿನಲ್ಲಿ ಒಮ್ಮೆಯಾದರೂ ಕಾರಣವಿಲ್ಲದೆ ಸಿಕ್ಕಿದ್ದನ್ನು ಹಾಗೆಯೇ ಇಟ್ಟುಕೊಳ್ಳೋಣ ಎನಿಸಿತ್ತು. ಆ ಪಿಸುಮಾತಿಗಾಗಿಯೇ ವರ್ಷವಿಡೀ ಹಟ ಹಿಡಿದು ಕೊರಿಯನ್ ಕಲಿತಳು.

ಮಧ್ಯಾಹ್ನ ಲಿಫ್ಟಿನಲ್ಲಿ ಒಂದು ಮಗುವಿನ ತಾಯಿ ಸಿಕ್ಕಳು. "ಕೇಟ್ ಟೀಚರ್‌ಗೆ ವಯಸ್ಸೇ ಆಗಲ್ಲಪ್ಪ! ವರ್ಷ ವರ್ಷ ಚಿಕ್ಕೋರಾಗ್ತಾ ಇದ್ದೀರಿ. ಯಾವ ಕ್ರೀಮ್ ಹಚ್ತೀರಿ, ನಮಗೂ ಹೇಳ್ರೀ."

ಕೇಟ್ ನಕ್ಕಳು. ಇಲ್ಲಿನ ಅಮ್ಮಂದಿರ ಹೊಗಳಿಕೆಯ ರೀತಿಯೇ ಹಾಗೆ. "ಸೋಮವಾರ ಹೇಳ್ತೀನಿ," ಎಂದಳು. ಸೋಮವಾರ ತಾನು ಇಲ್ಲಿರುವುದಿಲ್ಲವೆಂದು ಹೇಳುವಂತಿರಲಿಲ್ಲ.

ವ್ಯಾನು ಬರುವ ಹೊತ್ತಾಯಿತು. ಮಿಸ್ ತಾಕ್ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದಳು. ಪ್ಯೋ ಮೇಡಂ ಗಾಜಿನ ಬಾಗಿಲ ಹಿಂದೆ ಹೊಸಬಳಿಗೆ ಏನನ್ನೋ ವಿವರಿಸುತ್ತಿದ್ದರು. ಕೇಟ್ ಮಂಡಿಯೂರಿ ಕೂತು ದಾಸೋಮ್‌ಳ ಶೂಗಳಿಗೆ ಕೈಹಾಕಿದಳು.

"ದಾಸೋಮ್, ನಾನು ನಾಳೆ ನಮ್ಮೂರಿಗೆ ಹೋಗ್ತೀನಿ. ಮತ್ತೆ ಬರಲ್ಲ."

ಮಗು ಅವಳ ಮುಖವನ್ನೇ ನೋಡಿತು.

"ನಿನಗೆ ಇಲ್ಲಿ ಸೋಫಿ ಅಂತ ಹೆಸರಿಟ್ರಲ್ಲ, ಹಾಗೇ ನನಗೂ ಕೇಟ್ ಅಂತ ಇಟ್ರು. ನಿಮ್ಮ ಬಾಯಿಗೆ ಸುಲಭ ಅಂತ. ನನ್ನ ಹೆಸರು ರೋಸ್ಲಿನ್. ನಿನಗೊಬ್ಬಳಿಗೇ ಹೇಳ್ತಿರೋದು. ನೆನಪಿಟ್ಕೋತೀಯಾ?"

ದಾಸೋಮ್ ತುಟಿ ಅಲುಗಿಸಿ ಆ ಹೆಸರನ್ನು ಹಿಡಿಯಲು ನೋಡಿದಳು. ಅರ್ಧಕ್ಕೇ ಕೈಬಿಟ್ಟಳು.

"ಯಾರ ಹತ್ರನಾದ್ರೂ ಮಾತಾಡ್ತಾ ಇರು ಕಂದಾ. ನಾನಿಲ್ಲ ಅಂತ ಸುಮ್ಮನಾಗಬೇಡ," ಎಂದಳು ಕೇಟ್. ಕಣ್ಣೀರು ಶೂವಿನ ಮೇಲೆ ಬಿತ್ತು.

ಮಗು ದೊಡ್ಡವರ ಹಾಗೆ ಅವಳ ಬೆನ್ನು ತಟ್ಟಿತು. ಹೊರಗೆ ವ್ಯಾನು ಹಾರ್ನ್ ಮಾಡಿತು.

"ಅಳಬೇಡಿ ಟೀಚರ್, ಸೋಮವಾರ ಬರೋ ಕೇಟ್ ಟೀಚರ್‌ಗೂ ಏಪ್ರನ್ ಎಲ್ಲಿದೆ ಅಂತ ನಾನೇ ತೋರಿಸ್ತೀನಿ, ನಿಮಗೆ ತೋರಿಸಿದ್ನಲ್ಲ, ಅದಕ್ಕೂ ಮುಂಚಿನ ಕೇಟ್ ಟೀಚರ್‌ಗೆ ತೋರಿಸಿದ್ನಲ್ಲ, ಹಾಗೇ."