ಅಪ್ಪನ ಗಾಡಿಯ ಎರಡು ಪಾಲು

ಲೇತ್ ಅಂಗಡಿಯ ಮೇಜಿನ ಮೇಲಿದ್ದ ಎಂಜಿನ್ ಕಣ್ಣಿಗೆ ಬಿದ್ದದ್ದೇ ತಡ, ಫಿಟ್ಟರ್‌ಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು.

ನಂಬರ್ ನೋಡಬೇಕಾದ ಅಗತ್ಯವೇ ಇರಲಿಲ್ಲ. ಸಿಲಿಂಡರಿನ ರೆಕ್ಕೆಗಳಲ್ಲಿ ಒಂದು ಮುರಿದಿತ್ತು. ಅದಕ್ಕೆ ಹಾಕಿದ ಹಿತ್ತಾಳೆಯ ಬೆಸುಗೆ ಹಾಗೇ ಇತ್ತು. ಬೆಸುಗೆ ಹಾಕಿದ್ದು ಅಪ್ಪ.

"ನಿಮ್ಮಣ್ಣಂದೇ" ಎಂದ ಲೇತಿನವನು, ಕೇಳುವ ಮೊದಲೇ. "ಅವರಿಗೆ ಚಾಸಿಸ್ ಸಿಕ್ಕಿದೆಯಂತೆ. ಪೂರ್ತಿ ಗಾಡಿ ಕಟ್ತಿದ್ದಾರೆ."

ಫಿಟ್ಟರ್ ಹಲ್ಲು ಕಚ್ಚಿದ. ಹಳೆಯ ಗಾಡಿಯೊಂದಕ್ಕೆ ಬುಶ್ ಮಾಡಿಸಲು ಬಂದಿದ್ದ; ಬಂದ ಕೆಲಸವೇ ಮರೆತುಹೋಯಿತು.

ಅಪ್ಪ ತೀರಿಕೊಂಡಾಗ ಅಣ್ಣತಮ್ಮಂದಿರು ಮನೆಯನ್ನು ಜಗಳವಿಲ್ಲದೆ ಹಂಚಿಕೊಂಡಿದ್ದರು. ಜಗಳ ಬಂದದ್ದು ಅಪ್ಪನ ಮೋಟಾರ್ ಸೈಕಲ್ಲಿಗೆ. ನನಗೆ ಬೇಕು ಎಂದು ಇವನು, ನನಗೇ ಬೇಕು ಎಂದು ಅವನು. ಯಾರೋ ಹಿರಿಯರು ಬೇಸತ್ತು, ಹಾಗಾದರೆ ಅರ್ಧರ್ಧ ಮಾಡಿಕೊಳ್ಳಿ ಎಂದುಬಿಟ್ಟರು. ಆ ತಮಾಷೆಯನ್ನು ಇಬ್ಬರೂ ನಿಜವೆಂದೇ ಹಿಡಿದರು. ಸ್ಪ್ಯಾನರ್ ತಂದು ಎದುರುಬದುರು ಕೂತು ಒಂದೇ ಮಧ್ಯಾಹ್ನದಲ್ಲಿ ಗಾಡಿ ಬಿಚ್ಚಿದರು. ಎಂಜಿನ್ ಅಣ್ಣನಿಗೆ, ಚಾಸಿಸ್, ಟ್ಯಾಂಕು, ಚಕ್ರ ತಮ್ಮನಿಗೆ. ಇಬ್ಬರೂ ಕೂಡಿ ಮಾಡಿದ ಕೊನೆಯ ಕೆಲಸ ಅದು. ಆಮೇಲೆ ಮಾತಿಲ್ಲ, ಕತೆಯಿಲ್ಲ.

ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಫಿಟ್ಟರ್ ಮನೆಯ ಹಿಂದಿನ ಶೆಡ್ಡಿನಲ್ಲಿ ಹಳೆಯ ಗಾಡಿಗಳಿಗೆ ಜೀವ ಕೊಡತೊಡಗಿದ. ಗುಜರಿಯವರು ಬೇಡವೆಂದು ಎಸೆದದ್ದೂ ಅವನ ಕೈಯಲ್ಲಿ ಗುಡುಗುಡು ಎನ್ನುತ್ತಿತ್ತು. ಊರವರ ಗಾಡಿಗಳೆಲ್ಲ ಓಡಿದವು. ಅಪ್ಪನ ಚಾಸಿಸ್ ಮಾತ್ರ ಗೋಡೆಗೆ ಒರಗಿ ನಿಂತಿತ್ತು. ಆ ಜಾತಿಯ ಎಂಜಿನ್ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಇತ್ತೀಚೆಗೆ, ಗಾಡಿಗಳ ಗೊಡವೆಗೇ ಬಾರದ ಹೆಂಡತಿ, ತುಕ್ಕು ಹಿಡಿಯುತ್ತಿದೆ, ಬಣ್ಣವನ್ನಾದರೂ ಮಾಡಿಸಿ ಎಂದು ಪ್ರಾಣ ತಿಂದಳು. ಎಲ್ಲವನ್ನೂ ಪೇಂಟರ್‌ಗೆ ಕೊಟ್ಟಿದ್ದ. ಆ ಪುಣ್ಯಾತ್ಮ ಯಾವಾಗ ಹೋದರೂ ಇನ್ನೂ ಒಣಗಿಲ್ಲ ಎನ್ನುತ್ತಿದ್ದ.

ಈಗ ನೋಡಿದರೆ ಅಣ್ಣ ಮುಂದೆ ಹೋಗಿಬಿಟ್ಟಿದ್ದಾನೆ. ಎಲ್ಲಿಂದಲೋ ಯಾವುದೋ ಚಾಸಿಸ್ ತಂದು ಅದರೊಳಗೆ ಅಪ್ಪನ ಎಂಜಿನ್ ತುರುಕಿ, ಬೀದಿ ತುಂಬ ಮೆರೆಯುತ್ತಾನೆ.

"ಈ ಬೋರ್ ಕೊನೇದು" ಎಂದು ಲೇತಿನವನು ಸಿಲಿಂಡರ್ ತಟ್ಟಿದ. "ಇನ್ನೊಂದ್ಸಲ ಕೆರೆಯೋಕೆ ಲೋಹಾನೇ ಉಳಿದಿಲ್ಲ. ಜೋಪಾನವಾಗಿ ಇಟ್ಕೊಳ್ಳಿ ಅಂತ ಹೇಳಿದೀನಿ." ಜೋಡಣೆ ಮುಗಿದಿದೆ, ಎಣ್ಣೆಯನ್ನೂ ತುಂಬಿಟ್ಟಿದ್ದೇನೆ ಎಂದ. ಜೊತೆಗೆ ಕ್ಲಚ್ ಲಿವರನ್ನೂ ಹಗುರ ಮಾಡಿಸಿಕೊಂಡರಂತೆ. ಎಡಗೈಗೆ ಹೆಚ್ಚು ಒತ್ತಡ ಬೀಳಬಾರದಂತೆ.

ಜೀವಮಾನವಿಡೀ ಬಸ್ ಡಿಪೋದಲ್ಲಿ ಸ್ಪ್ಯಾನರ್ ತಿರುಗಿಸಿದ ಅಣ್ಣನ ಕೈ ಅದು, ಸೋತಿತೇ? ಸೋಲಲಿ ಎಂದುಕೊಂಡ ಫಿಟ್ಟರ್.

ಹೊರಗೆ ಕಬ್ಬಿಣದ ಸಲಾಕೆಗಳ ಗಾಡಿ ಬಂತು. ಇಳಿಸಿಕೊಳ್ಳಲು ಲೇತಿನವನು ಎದ್ದು ಹೋದ.

ಕಪಾಟಿನಲ್ಲಿ ವಾಲ್ವ್ ಉಜ್ಜುವ ಪೇಸ್ಟಿನ ಡಬ್ಬಿಯಿತ್ತು. ಉಕ್ಕನ್ನೇ ತಿನ್ನುವ ಮರಳು ಅದು. ಎಣ್ಣೆಯಲ್ಲಿ ಸೇರಿದರೆ ಮೊದಮೊದಲು ಗೊತ್ತೇ ಆಗುವುದಿಲ್ಲ. ಎಂಜಿನ್ ಬಿಸಿಯೇರಿದ ಮೇಲೆ ಒಳಗಿನದನ್ನೆಲ್ಲ ಕೆರೆದು ಹಾಳುಮಾಡಿ ಜಾಮ್ ಮಾಡಿಬಿಡುತ್ತದೆ. ಫಿಟ್ಟರ್ ಎಣ್ಣೆಯ ಮುಚ್ಚಳ ತಿರುಗಿಸಿದ. ಡಬ್ಬಿಯನ್ನು ಎಡಗೈಯಲ್ಲಿ ಅವುಚಿಕೊಂಡ. ಆ ಕೈಯ ಎರಡು ಬೆರಳುಗಳನ್ನು ಪ್ರೆಸ್ ಮಷೀನ್ ನುಂಗಿ ಬಹಳ ವರ್ಷವಾಗಿತ್ತು, ಉಳಿದವು ಸಾಕಾದವು. ಇಂಥ ದ್ರೋಹವನ್ನು ಅವನು ಯಾವ ಎಂಜಿನ್ನಿಗೂ ಮಾಡಿದವನಲ್ಲ. ಮಾಡಿದ, ಮುಚ್ಚಳ ಬಿಗಿದ, ಕೈ ಒರೆಸಿಕೊಂಡ. ನನಗಿಲ್ಲದ್ದು ಅವನಿಗೂ ಬೇಡ.

ಅಂದಿನಿಂದ ಅವನ ಕಿವಿ ಬೀದಿಯಲ್ಲೇ ಇತ್ತು. ಊಟ ರುಚಿಸಲಿಲ್ಲ. ಶೆಡ್ಡಿನಲ್ಲಿ ಕೆಲಸ ಸಾಗಲಿಲ್ಲ. ಹೆಂಡತಿ ಮಾತ್ರ ಯಾಕೋ ಲವಲವಿಕೆಯಿಂದ ಓಡಾಡುತ್ತಿದ್ದಳು. ಅದನ್ನು ಕಂಡು ಅವಳ ಮೇಲೂ ಸಿಡುಕಿದ.

ಭಾನುವಾರ ಬೆಳಿಗ್ಗೆ ಅವಳು ಒಗೆದ ಅಂಗಿ ತಂದು ಮುಂದೆ ಹಿಡಿದಳು. "ಆ ಗ್ರೀಸ್ ಬನಿಯನ್ ತೆಗೀರಿ. ಯಾರಾದ್ರೂ ಬಂದ್ರೆ ಏನಂದ್ಕೋತಾರೆ?"

ಯಾರು ಬರುತ್ತಾರೆ ನಮ್ಮ ಮನೆಗೆ ಎಂದು ಗೊಣಗುತ್ತಲೇ ಹಾಕಿಕೊಂಡ. ಗುಂಡಿ ಹಾಕಿ ಮುಗಿದಿರಲಿಲ್ಲ, ಬೀದಿಯ ತುದಿಯಿಂದ ಆ ಸದ್ದು ಬಂತು.

ಸಾವಿರ ಎಂಜಿನ್‌ಗಳ ನಡುವೆಯೂ ಅವನು ಅದನ್ನು ಗುರುತಿಸಬಲ್ಲ. ಸಂಜೆ ಅಪ್ಪ ಕೆಲಸದಿಂದ ಬರುವಾಗ ಇಬ್ಬರೂ ಬಾಗಿಲಿಗೆ ಓಡುತ್ತಿದ್ದದ್ದು ಇದೇ ಸದ್ದಿಗೆ. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. ಊರಲ್ಲಿ ಬೇರೆ ರಸ್ತೆ ಇಲ್ಲವೇ ಇವನಿಗೆ? ನನ್ನ ಬಾಗಿಲಿಗೇ ಬಂದು ಹೊಟ್ಟೆ ಉರಿಸಬೇಕೇ?

ದಡದಡನೆ ಅಂಗಳ ದಾಟಿ ಗೇಟಿನ ಅಗುಳಿಯ ಮೇಲೆ ಕೈಯಿಟ್ಟು ನಿಂತ. ಸದ್ದು ಹತ್ತಿರ ಬಂತು. ಗೇಟಿನ ಮುಂದೆಯೇ ನಿಂತಿತು. ಗಾಡಿ ಮುಂದೆ ಹೋಗಲಿಲ್ಲ. ಒಳಗಿದ್ದವರಿಗೆ ಕೇಳಲೆಂದೇ ಆಕ್ಸಿಲರೇಟರ್ ತಿರುಗಿಸಿದಂತಿತ್ತು. ಗುಡುಗುಡು ಏರಿತು. ಅದರ ಹೊಟ್ಟೆಯೊಳಗೆ ಒಣ ಕೆರೆತವೊಂದು ಎದ್ದಿತು. ಅದು ಕಿರುಚಾಟವಾಯಿತು. ಕಬ್ಬಿಣಕ್ಕೆ ಕಬ್ಬಿಣ ಕಚ್ಚಿಕೊಂಡು, ಎಲ್ಲವೂ ಒಮ್ಮೆಲೇ ನಿಂತುಹೋಯಿತು.

ಫಿಟ್ಟರ್ ನಕ್ಕ. ಎಷ್ಟೋ ವರ್ಷಗಳಿಂದ ಹಾಗೆ ನಕ್ಕಿರಲಿಲ್ಲ. ಹೊಟ್ಟೆ ತಣ್ಣಗಾಗುವಷ್ಟು ನಕ್ಕು, ಅಗುಳಿ ಎಳೆದು ಗೇಟು ತೆರೆದ.

"ಅಪ್ಪನ ಎಂಜಿನ್ ನಿನಗೆ ದಕ್ಕಲಿಲ್ಲ ನೋಡು" ಎಂದ.

ಅಣ್ಣ ಹೊಸ ಬಣ್ಣದ ಗಾಡಿಯ ಪಕ್ಕ ತಲೆ ತಗ್ಗಿಸಿ ನಿಂತಿದ್ದ.

"ಪೇಂಟರ್ ಹತ್ರ ಇದ್ದ ನಿನ್ನ ಚಾಸಿಸ್‌ಗೇ ಕೂರಿಸಿ, ನಿನಗೆ ಒಪ್ಪಿಸೋಣ ಅಂತ ತಂದೆ ಕಣೋ, ಇಲ್ಲೀವರೆಗೂ ಚೆನ್ನಾಗೇ ಓಡ್ತು, ನನ್ನ ಕೈಯಿಂದಲೇ ಏನೋ ತಪ್ಪಾಗಿದೆ, ಬೈಬೇಡ."