ಟೀಚರವ್ವನ ಸಾಕ್ಷಿ

"ನಿಂಬೆವ್ವ ನೋಡ್ಯಾಳ. ನಿನ್ನೆ ಯಾರ ಗಾಡಿ ಮ್ಯಾಲಿಂದ ಇಳದಿ?" ಎಂದು ವಿದ್ಯಾವತಿ ರಟ್ಟೆ ಹಿಡಿದು ಕೇಳಿದಾಗ ಮಗಳು ಸೃಷ್ಟಿ ಬೊಗಳಿದಳು.

ಮೊದಲು ಒಂದು ಸಲ, ಅಳುಕುತ್ತ. ಆಮೇಲೆ ಬಾಗಿಲ ಕಡೆ ತಿರುಗಿ, ಓಣಿಗೆಲ್ಲ ಕೇಳುವಂತೆ. ಅತ್ತೆ ಹೀರಾಬಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದು, ಮೊಮ್ಮಗಳಿಗೆ ಯಾರೋ ಭಾನಾಮತಿ ಮಾಡಿಸಿದ್ದಾರೆ ಎಂದು ಎದೆ ಬಡಿದುಕೊಂಡಳು. ಮಾಟ ಹತ್ತಿದ ಹೆಣ್ಣುಮಕ್ಕಳು ನಾಯಿಯಂತೆ ಬೊಗಳುತ್ತಾರೆಂಬ ಮಾತು ಆ ಸೀಮೆಯಲ್ಲಿ ಕೂಸಿಗೂ ಗೊತ್ತು. ಮಾವ ಜಗದೇವಪ್ಪ ಹುಡುಗಿಯ ಹಣೆಗೆ ವಿಭೂತಿ ಹಚ್ಚಿ, ಮಾಡಿದವರ ಹೆಸರು ಹೇಳೆಂದ. ವಿಭೂತಿ ಹಚ್ಚಿಸಿಕೊಂಡು ಹೇಳಿದ ಹೆಸರನ್ನು ಯಾರೂ ಸುಳ್ಳೆನ್ನುವುದಿಲ್ಲ. ಸೃಷ್ಟಿ ಅವ್ವನ ಕಡೆ ಒಮ್ಮೆ ನೋಡಿ, "ನಿಂಬೆವ್ವ" ಅಂದಳು.

ಆ ಹೆಸರನ್ನು ಹುಡುಗಿಯ ಬಾಯಿಗೆ ಇಟ್ಟವಳು ತಾನೇ ಎಂದು ವಿದ್ಯಾವತಿಗೆ ಹೊಳೆಯಿತು. ಹಿಂದಿನ ಓಣಿಯ ಒಂಟಿ ಮುದುಕಿ ನಿಂಬೆವ್ವ. ಬೆಳಿಗ್ಗೆ ನಳದ ಹತ್ತಿರ ಕೊಡ ಇಳಿಸಿ, ದನಿ ತಗ್ಗಿಸಿ ಹೇಳಿದ್ದಳು: ನಿನ್ನೆ ಹುಡುಗಿ ಜೇವರ್ಗಿ ಕಾಲೇಜಿನಿಂದ ಬಸ್ಸಿಗೆ ಬರಲಿಲ್ಲ, ಊರ ಹೊರಗೆ ಯಾವನೋ ಹುಡುಗನ ಗಾಡಿಯಿಂದ ಇಳಿದಳು, ನಾನಂತೂ ಯಾರ ಮುಂದೂ ಬಾಯಿ ಬಿಡೋದಿಲ್ಲ, ನೀನೇ ತಿಳಿಸಿ ಹೇಳು ತಂಗಿ. ಸೋಮವಾರ ಭೂಸನೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಗಾಡಿಯ ಮಾತು ಹೊರಬಿದ್ದರೆ ಆ ಮನೆಯೇನು, ಯಾವ ಮನೆಯ ಬಾಗಿಲೂ ಸೃಷ್ಟಿಗೆ ತೆರೆಯುವುದಿಲ್ಲ.

ಹೊತ್ತು ಮುಳುಗುವ ಮುಂಚೆ ನಿಂಬೆವ್ವನನ್ನು ಗುಡಿಯ ಕಟ್ಟೆಗೆ ಕರೆತಂದರು. ಹುಡುಗಿಯ ತಲೆಯ ಮೇಲೆ ಕೈಯಿಟ್ಟು, ಮಾಡಿದ್ದನ್ನು ತಿರುಗಿ ತಗೊಂಡೆ ಅಂದುಬಿಡು, ಮನೆಗೆ ಹೋಗು ಎಂದ ಜಗದೇವಪ್ಪ. ನೆರೆಮನೆಯ ಸೈದಪ್ಪನಿಗೆ ಅದು ಸಾಲಲಿಲ್ಲ. ಹಿಂದಿನವರು ಇಂಥವರ ಹಲ್ಲು ಕೀಳುತ್ತಿದ್ದರು, ಮಂತ್ರ ಬಾಯಲ್ಲಿ ನಿಲ್ಲಬಾರದೆಂದು, ಅಂತ ನಗುತ್ತ ನೆನಪಿಸಿದ. ಯಾರೂ ನಗಲಿಲ್ಲ. ಒಬ್ಬಿಬ್ಬರು ಮುದುಕಿಯ ಬಾಯಿ ನೋಡಿದರು.

"ಕಳಿಸಿದ್ರ ತಿರುಗಿ ತಗೋಬೇಕ್ರಿ ಸಾವ್ಕಾರ್ರ," ಅಂದಳು ನಿಂಬೆವ್ವ. "ಕಳಿಸೇ ಇಲ್ಲಂದ್ರ ಏನ್ ತಗೊಳ್ಳಿ?"

"ಹಂಗಾರ ನಮ್ಮ ಹುಡುಗಿ ಸುಳ್ಳ ಬೊಗಳಾಕತ್ತಾಳೇನ್ ಬೇ?" ಜಗದೇವಪ್ಪ ದನಿ ಏರಿಸಿದ.

ನಿಂಬೆವ್ವ ಸೃಷ್ಟಿಯ ಕಡೆ ನೋಡಿದಳು. ಗಾಡಿಯ ಮಾತೊಂದನ್ನು ಆಡಿದ್ದರೆ ಅವಳ ಕುತ್ತಿಗೆ ಉಳಿಯುತ್ತಿತ್ತು. ಆಡಿಬಿಡಲಿ ಎಂದು ವಿದ್ಯಾವತಿಯ ಒಂದು ಮನಸ್ಸು, ಆಡದಿರಲಿ ಎಂದು ಇನ್ನೊಂದು.

"ನಿಮ್ಮ ಸೊಸಿನ್ನ ಕೇಳ್ರಿ," ಅಂದಳು ನಿಂಬೆವ್ವ ಕಡೆಗೆ. "ಮುಂಜಾನಿ ನಳದ ಹಂತ್ಯಾಕ ನಾ ಏನ್ ಹೇಳೀನಿ, ಆಕಿನೇ ಹೇಳ್ಲಿ. ಆಕಿ ಸುಳ್ಳಾಡಾಕಿ ಅಲ್ಲ."

ಅದು ಊರೆಲ್ಲ ಒಪ್ಪುವ ಮಾತು. ಅಂಗನವಾಡಿ ಟೀಚರು ವಿದ್ಯಾವತಿ ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ. ಅಣ್ಣತಮ್ಮಂದಿರ ಬದುವಿನ ಜಗಳವೂ ಅವಳ ಒಂದು ಮಾತಿಗೆ ನಿಂತದ್ದುಂಟು. ಜಗದೇವಪ್ಪ ಸೊಸೆಯ ಕಡೆ ತಿರುಗಿದ. "ಖರೇ ಹೇಳವ್ವ. ನೀ ಅಂದದ್ದೇ ಕಡೀ ಮಾತು."

ಸೃಷ್ಟಿಯೂ ಬೊಗಳುವುದನ್ನು ತಗ್ಗಿಸಿ ಕಿವಿಗೊಟ್ಟಳು. ನಿಂಬೆವ್ವ ಮಾತ್ರ ಯಾವ ಅವಸರವೂ ಇಲ್ಲದೆ, ಪಾರಾದವಳಂತೆ, ಟೀಚರವ್ವನ ಮುಖ ನೋಡುತ್ತ ನಿಂತಿದ್ದಳು. ವಿದ್ಯಾವತಿ ಬಾಯಿ ತೆರೆದಳು.

ಬೊಗಳಿದಳು.

ಜನ ಒಬ್ಬರ ಮೇಲೊಬ್ಬರು ಬಿದ್ದು ಹಿಂದೆ ಸರಿದರು. ಸೊಸೆಗೂ ಹತ್ತಿತೆಂದು ಹೀರಾಬಾಯಿ ಚೀರಿದಳು. ಸೈದಪ್ಪ ನಿಂಬೆವ್ವನ ತುರುಬಿಗೆ ಕೈ ಹಾಕಿದ. ಅಷ್ಟು ಜನರ ಗದ್ದಲದೊಳಗೆ ಸೃಷ್ಟಿ ಒಬ್ಬಳೇ ಬಾಯಿ ಮುಚ್ಚಿಕೊಂಡು, ಬೊಗಳುತ್ತಿದ್ದ ಅವ್ವನಿಂದ ಕಣ್ಣು ಕೀಳದೆ, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದಳು.