ಒಂದೇ ಲಕೋಟೆಯ ಮೂವರು

ಸಂಜೆ ಪತ್ರಿಕೆಯ ಪ್ರತಿ ಮೇಜಿನ ಮೇಲೆ ಬಂದು ಬಿದ್ದಾಗ ಅದರ ಮಸಿ ಇನ್ನೂ ಕೈಗಂಟುತ್ತಿತ್ತು. ಕಚೇರಿಯವರೆಲ್ಲ ಅಕ್ಕ ಎನ್ನುವ ಫೋಟೋ ವಿಭಾಗದವಳು ಅದನ್ನೆತ್ತಿಕೊಂಡು ಮುಖಪುಟ ನೋಡಿದಳು. ಮಕ್ಕಳ ಕಳ್ಳ ಜೈಲಿನಿಂದ ಪರಾರಿ ಎಂಬ ದಪ್ಪ ತಲೆಬರಹ. ಅದರ ಕೆಳಗೆ ಅವನ ಹೆಸರು. ಹೆಸರಿನ ಕೆಳಗೆ ಬೇರೊಬ್ಬನ ಮುಖ.

ಆ ಹೆಸರಿನಲ್ಲಿ ಖ್ಯಾತರಾದವರು ಮೂವರಿದ್ದರು. ತೀರಿಕೊಂಡ ಒಬ್ಬ ಹಾಡುಗಾರ; ಹಿಂದೊಮ್ಮೆ ಊರೆಲ್ಲ ಹೆಗಲ ಮೇಲೆ ಹೊತ್ತು ಕುಣಿದ ಒಬ್ಬ ಫುಟ್‌ಬಾಲ್ ಗೋಲ್‌ಕೀಪರ್; ಮೂರನೆಯವನು ಈ ಕಳ್ಳ. ಅಕ್ಕನ ಕಪಾಟಿನಲ್ಲಿ ಫೋಟೋಗಳನ್ನು ಹೆಸರಿನ ಪ್ರಕಾರ ಇಡುವ ಪದ್ಧತಿಯಾದ್ದರಿಂದ ಮೂವರೂ ಒಂದೇ ಲಕೋಟೆಯಲ್ಲಿದ್ದರು. ಯಾರು ಯಾರೆಂದು ಪ್ರತಿ ಫೋಟೋದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದವಳು ಅವಳೇ. ತಿರುಗಿಸಿ ಓದದೆ ಹತ್ತೊಂಬತ್ತು ವರ್ಷದಲ್ಲಿ ಒಂದು ಫೋಟೋವನ್ನೂ ಅವಳು ಕೊಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ಮಾತ್ರ, ಮಗಳಿಗೆ ಜ್ವರ ಇಳಿದಿಲ್ಲವೆಂದು ಅತ್ತೆ ಫೋನು ಮಾಡಿದ್ದರು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, "ಒದ್ದೆ ಬಟ್ಟೆ ಹಾಕಿ ಅತ್ತೆ, ಹಣೆಗಷ್ಟೇ ಅಲ್ಲ, ಅಂಗಾಲಿಗೂ" ಎನ್ನುತ್ತಲೇ ಲಕೋಟೆಯಿಂದ ಕೈಗೆ ಸಿಕ್ಕಿದ ಮೀಸೆಯವನನ್ನು ತೆಗೆದು ಕೊಟ್ಟುಬಿಟ್ಟಿದ್ದಳು.

"ಹೆಸರು ಸರಿಯಾಗೇ ಇದೆಯಲ್ಲಕ್ಕ?" ಎಂದ ಉಪಸಂಪಾದಕ, ಅವಳು ಮುಂದೆ ಹಿಡಿದ ಪುಟ ನೋಡಿ.

"ಹೆಸರು ಸರಿ ಇದೆ, ಮುಖ ಬೇರೆಯವರದು. ಇವರು ಗೋಲ್‌ಕೀಪರ್. ಎಲ್ಲರೂ ಗೋಡೆ ಅಂತ ಕರೀತಿದ್ರಲ್ಲ, ಅವರು."

ಅವನು ಗಡಿಯಾರ ನೋಡಿದ. "ವ್ಯಾನುಗಳು ಹೋಗಿ ಮುಕ್ಕಾಲು ಗಂಟೆ ಆಯ್ತು. ನಾಳೆ ತಪ್ಪೊಪ್ಪಿಗೆ ಹಾಕೋಣ ಬಿಡಿ."

"ನಾಳೆ ಅವರು ಇರಬೇಕಲ್ಲಪ್ಪ! ಹೋದ ವಾರ ಮಕ್ಕಳ ಕಳ್ಳ ಅನ್ನೋ ಬರೀ ಅನುಮಾನದ ಮೇಲೆ ಜನ ಆ ಬೊಂಬೆ ಮಾರೋನನ್ನ ಏನು ಮಾಡಿದ್ರು, ನೀನೇ ಬರೆದೆಯಲ್ಲ? ಪೊಲೀಸರಿಗೆ ಫೋನ್ ಮಾಡು. ಇವರು ನೀರಿನ ಟ್ಯಾಂಕಿನ ಹಿಂದಿನ ಮೈದಾನದಲ್ಲಿ ಮಕ್ಕಳಿಗೆ ಆಟ ಕಲಿಸ್ತಾರೆ." ಹೇಳುತ್ತಲೇ ಚೀಲ ಹೆಗಲಿಗೇರಿಸಿ, ಪತ್ರಿಕೆ ಹಿಡಿದುಕೊಂಡೇ ಮೆಟ್ಟಿಲಿಳಿದಳು. ಮಕ್ಕಳಿಗೆ ಎಂಬ ಮಾತು ಅವಳ ಬಾಯಲ್ಲೇ ಕಹಿಯಾಯಿತು.

ಬಸ್ಸಿನಲ್ಲಿ ಆಗಲೇ ನಾಲ್ಕೈದು ಕೈಗಳಲ್ಲಿ ಪತ್ರಿಕೆ ಬಿಚ್ಚಿಕೊಂಡಿತ್ತು.

"ಕಣ್ಣು ನೋಡಿ, ಕಳ್ಳಕಳೆ ಹೇಗೆ ಎದ್ದು ಕಾಣುತ್ತೆ," ಎಂದಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡವಳೊಬ್ಬಳು.

"ಪೊಲೀಸರಿಗ್ಯಾಕೆ ತೊಂದರೆ? ನಮ್ಮ ಕೈಗೆ ಸಿಕ್ಕಿದ್ರೆ ಸಾಕು," ಎಂದ ಹಿಂದಿನ ಸೀಟಿನವನು. ಕಿಟಕಿ ಪಕ್ಕದ ಮುದುಕ ಫೋಟೋವನ್ನು ಕಣ್ಣಿನ ಹತ್ತಿರ ತಂದುಕೊಂಡು, "ಇವನನ್ನ ಎಲ್ಲೋ ನೋಡಿದೀನಲ್ಲ..." ಎಂದು ತಲೆ ಕೆರೆದುಕೊಂಡ.

"ಅದು ಅವನಲ್ಲ. ಫೋಟೋ ತಪ್ಪಾಗಿದೆ," ಎಂದಳು ಅಕ್ಕ.

ಬಸ್ಸೆಲ್ಲ ಅವಳತ್ತ ತಿರುಗಿತು. ಮಗುವಿನ ತಾಯಿ ಮಗುವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು. "ಅವನು ನಿಮಗೇನಾಗಬೇಕು?"

ಮುಂದಿನ ನಿಲ್ದಾಣದಲ್ಲೇ ಇಳಿದು ಅಕ್ಕ ಓಡತೊಡಗಿದಳು. ಅಂಗಡಿಯ ಮುಂದೆ ಪತ್ರಿಕೆ, ಬೆಂಚಿನ ಮೇಲೆ ಪತ್ರಿಕೆ, ಹಜಾಮನ ಕುರ್ಚಿಯಲ್ಲಿ ಕೂತವನ ನೊರೆ ಹಚ್ಚಿದ ಮುಖದ ಮುಂದೆಯೂ ಪತ್ರಿಕೆ. ಎಲ್ಲ ಕಡೆಯಿಂದಲೂ ಅದೇ ಮುಖ ತುಟಿಯಂಚಿನಲ್ಲಿ ನಗುತ್ತಿತ್ತು.

ಮೈದಾನ ಖಾಲಿಯಾಗಿತ್ತು. ಗೋಲುಕಂಬದ ಹತ್ತಿರ ಆನೆಯಂಥ ಒಬ್ಬ ಆಳು ಚೆಂಡುಗಳನ್ನು ಒಂದೊಂದಾಗಿ ಬಲೆಚೀಲಕ್ಕೆ ತುಂಬುತ್ತಿದ್ದ. ಮೀಸೆ ನರೆತಿತ್ತು, ನಗು ಮಾತ್ರ ಹಾಗೇ ಇತ್ತು. ಅಬ್ಬ, ಏನೂ ಆಗಿಲ್ಲ! ಅವಳಿಗೆ ಅಳು ಬಂತು.

"ಯಾರ ತಾಯಿ ನೀವು? ಮಕ್ಕಳೆಲ್ಲ ಈಗ ತಾನೇ ಮನೆಗೆ ಹೋದ್ರು," ಎಂದವನು, ಅವಳ ಕೈಯಲ್ಲಿದ್ದ ಪತ್ರಿಕೆ ಕಂಡದ್ದೇ ಅರಳಿದ. "ಓ, ನೀವೂ ನೋಡಿದ್ರಾ! ಹದಿನೆಂಟು ವರ್ಷ ಆದ ಮೇಲೆ ನೆನಪಿಸ್ಕೊಂಡಿದ್ದಾರಮ್ಮ. ಅದೂ ಮುಖಪುಟದಲ್ಲಿ! ವ್ಯಾನಿನವನು ಗೇಟಿನ ಹತ್ತಿರ ಕಟ್ಟು ಇಳಿಸ್ತಿದ್ದ, ಫೋಟೋ ಕಾಣಿಸ್ತು. ಹನ್ನೊಂದು ಪ್ರತಿ ತಗೊಂಡುಬಿಟ್ಟೆ."

"ಅಣ್ಣಾ, ಬನ್ನಿ ನನ್ನ ಜೊತೆ, ಮೊದಲು ಇಲ್ಲಿಂದ ಹೊರಡೋಣ. ಅದರಲ್ಲಿ ಏನು ಬರೆದಿದೆ ಅಂತ ಓದಿದ್ರಾ?"

ಅವನು ನಾಚಿಕೊಂಡ. "ನನಗೆ ಓದು ಎಲ್ಲಿ ಹತ್ತಿತಮ್ಮ? ನನ್ನ ಹೆಸರೊಂದು ಬರೆಯೋಕೆ ಬರುತ್ತೆ, ಅದೂ ಸಹಿ ಹಾಕಿ ಹಾಕಿ ಕಲಿತದ್ದು. ಫೋಟೋದ ಮೇಲ್ಗಡೆ ಅದೇ ಅಕ್ಷರ ಇತ್ತಲ್ಲ, ಸಾಕಾಯ್ತು."

ಅಕ್ಕ ಸುತ್ತಲೂ ನೋಡಿದಳು. "ಆ ಹನ್ನೊಂದು ಪ್ರತಿ ಎಲ್ಲಣ್ಣ?"

"ಮಕ್ಕಳಿಗೆ ಒಂದೊಂದು ಕೊಟ್ಟೆ. ದಾರೀಲಿ ಬಿಚ್ಚಬೇಡಿ, ಸೀದಾ ಹೋಗಿ ಅಪ್ಪ ಅಮ್ಮಂಗೆ ತೋರಿಸಿ ಅಂತ ಸುರುಳಿ ಸುತ್ತಿ ಕೊಟ್ಟೆ. ಇಲ್ಲಿ ಎಲ್ಲರಿಗೂ ನಾನು ಬರೀ ಗೋಡೆ ನೋಡಿ, ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ಇದು ನಾನೇ ಅಂತ ನಂಬಬೇಕಲ್ಲ? ಅದಕ್ಕೇ ಒಂದೊಂದಕ್ಕೂ ಸಹಿ ಹಾಕಿದೀನಿ."

ಅವಳು ಅವನ ತೋಳು ಹಿಡಿದು ಎಳೆದಳು. ಆ ಮೈ ಅಲುಗಲಿಲ್ಲ. ಮೈದಾನದ ಆಚೆ ಬೀದಿಯಲ್ಲಿ ಒಂದು ಬಾಗಿಲು ದಡಾರನೆ ತೆರೆಯಿತು, ಮತ್ತೊಂದು, ಇನ್ನೊಂದು. ಗಂಡಸರು ಹೆಂಗಸರು ಗೇಟಿನತ್ತ ದಡದಡ ಬರತೊಡಗಿದರು.

"ನೋಡಿ, ಎಲ್ಲರೂ ಬಂದೇಬಿಟ್ರು!" ಎಂದು ಅವನು ಅವರ ಕೈ ಕುಲುಕಲೆಂದು ತನ್ನ ಅಂಗೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ.